ಪಾಶಮೈಲಾರಂನ ಎಂಟು ಮಂದಿ

ಹುಮನಾಬಾದಿನಿಂದ ಜಹೀರಾಬಾದಿನ ಮಾರ್ಗವಾಗಿ ಹೈದರಾಬಾದಿಗೆ ಹೋಗುವವರು, ನಗರವು ಇನ್ನೂ ದೂರವಿರುವಾಗಲೇ, ಇಸ್ನಾಪುರ ಪಟಾನ್‌ಚೆರುಗಳ ಆಸುಪಾಸಿನಲ್ಲಿ ಹಬ್ಬಿರುವ ಕಾರ್ಖಾನೆಗಳ ಸಮೂಹವನ್ನು ಕಾಣದಿರಲಾರರು. ಅಲ್ಲಿನ ಪಾಶಮೈಲಾರಂನಲ್ಲಿ, ಔಷಧದ ಮಾತ್ರೆಗಳಿಗೆ ಬೇಕಾದ ಸೆಲ್ಯುಲೋಸ್ ಪುಡಿಯನ್ನು ತಯಾರಿಸುತ್ತಿದ್ದ ಸಿಗಾಚಿ ಕಾರ್ಖಾನೆಯು 2025ರ ಜೂನ್ 30ರ ಬೆಳಗ್ಗೆ ಸ್ಫೋಟಗೊಂಡು, ಬಿಹಾರ, ಉತ್ತರಪ್ರದೇಶ, ಒಡಿಶಾಗಳಿಂದ ಜೀವಿಕೆಯನ್ನರಸಿ ಬಂದವರೇ ಬಹುಸಂಖ್ಯೆಯಲ್ಲಿದ್ದ 54 ಜನರನ್ನು ಆಹುತಿ ತೆಗೆದುಕೊಂಡಿತು. 46 ಮಂದಿಯ ಕಳೇಬರಗಳನ್ನು, ಅವುಗಳಲ್ಲಿ ಹಲವನ್ನು ಡಿಎನ್‌ಎ ಪರೀಕ್ಷೆಯ ನೆರವಿನಿಂದ, ಗುರುತಿಸಿ ಬಂಧುಗಳಿಗೆ ಒಪ್ಪಿಸಲಾಯಿತು. ಉಳಿದ ಎಂಟು ಮಂದಿಯ ಪಾಲಿಗೆ, ಅಂತ್ಯಸಂಸ್ಕಾರಕ್ಕೆ ಬೇಕಾದಷ್ಟು ಅವಶೇಷವೂ ದೊರೆಯದೆ, ಮನೆಯವರು ಬರಿಗೈಯಲ್ಲಿ ಊರಿಗೆ ಮರಳಬೇಕಾಯಿತು.

ಮೃತರ ಕುಟುಂಬಕ್ಕೆ ಕೋಟಿ ರೂಪಾಯಿಯ ಪರಿಹಾರವೇನೋ ಘೋಷಿತವಾಯಿತು. ಆದರೆ ಬದುಕಿದ್ದಾಗ ಇವರು ಯಾರೆಂದು, ಎಲ್ಲಿ ಮಲಗುತ್ತಾರೆಂದು ವಿಚಾರಿಸಿದವರು ಯಾರು? 2022ರ ಮಾರ್ಚ್ 23ರ ನಸುಕಿನಲ್ಲಿ ಸಿಕಂದರಾಬಾದಿನ ಭೋಯಿಗುಡದ ಗುಜರಿ ಗೋದಾಮಿಗೆ ಬೆಂಕಿ ಬಿದ್ದಾಗ, ಅದರ ಮೇಲಂತಸ್ತಿನಲ್ಲಿ ನಿದ್ರಿಸುತ್ತಿದ್ದ ಬಿಹಾರದ 11 ಮಂದಿ ಕೂಲಿಕಾರರು, ಕೆಳಗಿಳಿಯುವ ದಾರಿಯನ್ನು ಜ್ವಾಲೆಯೇ ಆವರಿಸಿದ್ದರಿಂದ, ಅಲ್ಲಿಯೇ ಅಸುನೀಗಿದರು. ದುಡಿಯುವ ಸ್ಥಳವೇ ವಾಸಸ್ಥಾನವಾದುದನ್ನು ಯಾವ ಅಧಿಕಾರಿಯೂ ಆ ಮೊದಲು ಅಪರಾಧವೆಂದು ಗಣಿಸಲಿಲ್ಲ.

ಕಾನೂನಿರಲಿಲ್ಲವೆನ್ನುವಂತಿಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯಿದೆಯು, ಕಾರ್ಮಿಕನ ಭಾವಚಿತ್ರವನ್ನಂಟಿಸಿ, ಕೆಲಸದ ಸ್ಥಳ, ಅವಧಿ, ಕೂಲಿಯ ದರಗಳನ್ನು ನಮೂದಿಸಿದ ಪಾಸ್‌ಬುಕ್ಕೊಂದನ್ನು ಗುತ್ತಿಗೆದಾರನೇ ಕೊಡತಕ್ಕದ್ದೆಂದು ವಿಧಿಸಿತ್ತು; ಯೋಗ್ಯ ವಸತಿಯನ್ನೂ, ಊರು ಬಿಟ್ಟುಬಂದುದಕ್ಕಾಗಿ ಸ್ಥಳಾಂತರ ಭತ್ಯೆಯನ್ನೂ ಹಕ್ಕಾಗಿಸಿತ್ತು. ಆ ಪುಸ್ತಕವನ್ನು ಕಣ್ಣಾರೆ ಕಂಡ ಕೂಲಿಕಾರನು ವಿರಳ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಾದರೋ ಆ ಭತ್ಯೆಯನ್ನೇ ಕೈಬಿಟ್ಟು, ಐದು ಮಂದಿ ವಲಸಿಗರಿದ್ದಲ್ಲಿ ಅನ್ವಯಿಸುತ್ತಿದ್ದ ರಕ್ಷಣೆಯ ಕನಿಷ್ಠ ಮಿತಿಯನ್ನು ಹತ್ತು ಮಂದಿಗೆ ಏರಿಸಿದೆ. ಸಣ್ಣ ಗೋದಾಮುಗಳಲ್ಲಿ ನಾಲ್ಕೆಂಟು ಜನರಾಗಿ ದುಡಿಯುವವರೇ ಅತ್ಯಂತ ನಿರ್ಗತಿಕರಾಗಿರುವಾಗ ಇದು ಹಿನ್ನಡೆಯೆಂದೇ ನನ್ನ ದೃಢವಾದ ಅಭಿಪ್ರಾಯ.

ಇದು ಪರರ ಸಂಕಟವೆಂದು ನಾವು ಸುಮ್ಮನಿರಲಾಗದು. ಮಳೆ ಕೈಕೊಟ್ಟ ವರ್ಷ ಯಾದಗಿರಿ ಕಲಬುರಗಿಗಳಿಂದ ಮಕ್ಕಳುಮರಿಗಳೊಂದಿಗೆ ಗುಳೆ ಹೊರಟವರು ಇದೇ ಹೈದರಾಬಾದಿನ ಕಟ್ಟಡಗಳ ಬುಡದಲ್ಲಿ ತಗಡಿನ ಗುಡಿಸಲು ಹಾಕಿಕೊಳ್ಳುತ್ತಾರೆ. ತೆಲಂಗಾಣದ ಕಾರ್ಮಿಕ ಇಲಾಖೆಯು ಪ್ರತಿಯೊಬ್ಬ ವಲಸಿಗನ ಹೆಸರು, ಊರು, ಕೂಲಿ, ವಸತಿಗಳ ದಾಖಲೆಯನ್ನು ಕಾರ್ಖಾನೆಯ ದ್ವಾರದಲ್ಲಿಯೇ ಪರಿಶೀಲಿಸಿ, ಅದನ್ನಿಡದ ಗುತ್ತಿಗೆದಾರನ ಪರವಾನಗಿಯನ್ನು ರದ್ದುಗೊಳಿಸಲಿ. ನಮ್ಮ ಜಿಲ್ಲಾಡಳಿತಗಳೂ ಗುಳೆ ಹೋಗುವವರ ಪಟ್ಟಿಯನ್ನು, ಅವರು ಬಸ್ಸು ಹತ್ತುವ ಮೊದಲೇ ಗ್ರಾಮಪಂಚಾಯಿತಿಗಳ ಮೂಲಕ ಸಿದ್ಧಪಡಿಸಿ, ಆ ಇಲಾಖೆಗೆ ಕಳುಹಿಸಲಿ.