ಲೋಹ ಉಳಿಸಿದೆವು, ಹಾರಿಸಿದವರ ಮಾತು?

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ಪಕ್ಕದಲ್ಲಿ ಈಗ ಟುಪೊಲೆವ್-142 ವಿಮಾನವೂ ಬಂದು ನಿಂತಿದೆ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಕಡೆಯಿಂದ ಘಟ್ಟ ಇಳಿದು ಬರುವ ಶಾಲಾ ಮಕ್ಕಳಿಗೆ ಅದರ ಗಾತ್ರವೇ ಬೆರಗು. ನಾಲ್ಕು ಎಂಜಿನ್‌ಗಳು, ಒಂದೊಂದಕ್ಕೂ ಎದುರು ದಿಕ್ಕಿನಲ್ಲಿ ತಿರುಗುವ ಎರಡೆರಡು ಪ್ರೊಪೆಲ್ಲರ್‌ಗಳು. 1988ರಿಂದ 2017ರವರೆಗೆ ನೌಕಾಪಡೆಗೆ ದುಡಿದ ಈ ಬಗೆಯ ವಿಮಾನಗಳು ನೆಲದ ಉದ್ದನೆಯ ರನ್‌ವೇಯಿಂದ ಮಾತ್ರ ಏಳುವಂಥವು. ಹಡಗಿನಿಂದಲೇ ಹಾರಿ ಹಡಗಿಗೇ ಮರಳುತ್ತಿದ್ದ ಪ್ರೊಪೆಲ್ಲರ್ ವಿಮಾನವನ್ನು ನೋಡಬೇಕೆಂದರೆ ಜೋಯಿಡಾದ ಅನಮೋಡ ದಾಟಿ ಗೋವಾದ ದಾಬೋಲಿಮ್ ಬಳಿಯ ನೌಕಾ ವಾಯುಯಾನ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿರುವುದು ಫ್ರಾನ್ಸಿನ ಬ್ರೆಗೆ ಕಂಪನಿಯ ಅಲಿಝೆ. ಹಳೆಯ ವಿಮಾನವಾಹಕ ನೌಕೆ ವಿಕ್ರಾಂತ್‌ನಲ್ಲಿ 1961ರಿಂದ 1987ರವರೆಗೆ ಇದ್ದ ಈ ವಿಮಾನವನ್ನು ಹಾರಿಸಿದವರು ಇಂದಿಗೂ ಅದರ ಮಾತು ಬಂದರೆ ಅಕ್ಕರೆಯಿಂದ ಮಾತಾಡುತ್ತಾರೆ. ಆ ಅಕ್ಕರೆಯನ್ನು ನಾವು ನಿವೃತ್ತರ ಹಳಹಳಿಕೆ ಎಂದು ಬದಿಗಿಡುತ್ತೇವೆ. ನನ್ನ ಪ್ರಕಾರ ಅದು ಒಂದು ಕಸುಬಿನ ಸಾಕ್ಷ್ಯ. ಯಂತ್ರಗಳನ್ನು ಕಾಪಾಡಲು ಖರ್ಚು ಮಾಡುವ ನಾವು ಆ ಸಾಕ್ಷ್ಯವನ್ನು ಕಾಪಾಡಲು ಏನೂ ಮಾಡುತ್ತಿಲ್ಲ.

ಅಕ್ಕರೆಗೆ ಕಾರಣ ಬರೀ ಯೌವನದ ನೆನಪಲ್ಲ. ವಿಕ್ರಾಂತ್‌ನ ಉದ್ದ ಸುಮಾರು 210 ಮೀಟರ್. ಇಳಿಯಲು ಸಿಗುತ್ತಿದ್ದ ಜಾಗ ಅದರಲ್ಲೂ ಒಂದು ಭಾಗ ಮಾತ್ರ, ಅದೂ ಅಲೆಗಳ ಮೇಲೆ ಏಳುತ್ತ ಬೀಳುತ್ತ ಮುಂದೆ ಸಾಗುತ್ತಿರುವ ಜಾಗ. ಪೈಲಟ್ ವಿಮಾನದ ಬಾಲದ ಕೊಕ್ಕೆಯನ್ನು ಡೆಕ್‌ಗೆ ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗಗಳಲ್ಲಿ ಒಂದಕ್ಕೆ ಸಿಕ್ಕಿಸಬೇಕು. ಆ ಕೊನೆಯ ಕೆಲವು ಸೆಕೆಂಡುಗಳಲ್ಲಿ ಪ್ರೊಪೆಲ್ಲರ್ ವಿಮಾನದ ಗುಣವೇ ಬೇರೆ. ಅಂದಿನ ಜೆಟ್‌ಗಳಲ್ಲಿ ಥ್ರಾಟಲ್ ಮುಂದಕ್ಕೆ ತಳ್ಳಿದರೂ ಎಂಜಿನ್ ವೇಗ ಪಡೆದುಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ಪ್ರೊಪೆಲ್ಲರ್ ತಳ್ಳುವ ಗಾಳಿಯಾದರೋ ನೇರ ರೆಕ್ಕೆಯ ಮೇಲೇ ಹಾಯುವುದರಿಂದ ಶಕ್ತಿ ಕೊಟ್ಟ ಕೂಡಲೇ ರೆಕ್ಕೆಗೆ ಎತ್ತುವ ಬಲ ಬರುತ್ತದೆ. ಕೈ ಮಾಡಿದ್ದು ಮೈಗೆ ತಕ್ಷಣ ತಿಳಿಯುತ್ತದೆ. ಅದಕ್ಕೆ ಬೆಲೆಯೂ ಉಂಟು: ಶಕ್ತಿ ಏರಿಸಿದಾಗ ಮೂತಿ ಒಂದು ಬದಿಗೆ ಎಳೆಯುತ್ತದೆ, ಕಾಲಿನ ಪೆಡಲ್ ಅದೇ ಗಳಿಗೆಗೆ ಅದನ್ನು ತಡೆಯಬೇಕು. ಎಷ್ಟು ಒತ್ತಬೇಕೆಂಬುದು ಪುಸ್ತಕದಲ್ಲಿಲ್ಲ, ಕಾಲಿನಲ್ಲಿದೆ. ಇಂಥ ತಿಳಿವಳಿಕೆಯನ್ನು ಪೈಲಟ್ ಪ್ರೀತಿಯ ಭಾಷೆಯಲ್ಲೇ ಹೇಳುತ್ತಾನೆ, ಏಕೆಂದರೆ ಅವನ ಮೈ ಅದನ್ನು ಕಲಿತದ್ದೇ ಹಾಗೆ.

1971ರ ಡಿಸೆಂಬರ್‌ನ ಭಾರತ-ಪಾಕಿಸ್ತಾನ ಯುದ್ಧ ಇದಕ್ಕೆ ಒಳ್ಳೆಯ ಉದಾಹರಣೆ. ವಿಕ್ರಾಂತ್‌ನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು, ಹಡಗು ತನ್ನ ಪೂರ್ತಿ ವೇಗದಲ್ಲಿ ಓಡುವಂತಿರಲಿಲ್ಲ. ಹಡಗಿನ ವೇಗ ಕಡಿಮೆಯಾದರೆ ಡೆಕ್ ಮೇಲೆ ಎದುರಿಗೆ ಬೀಸುವ ಗಾಳಿಯೂ ಕಡಿಮೆ. ಆ ಗಾಳಿ ಸಾಲದಿದ್ದರೆ ಆವಿಯ ಕ್ಯಾಟಪಲ್ಟ್ ಎಸೆದ ಭಾರದ ವಿಮಾನ ಸಮುದ್ರಕ್ಕೇ ಇಳಿಯುವ ಭಯ. ಹಾಗಿದ್ದೂ ಬಂಗಾಳ ಕೊಲ್ಲಿಯಲ್ಲಿ ಸೀ ಹಾಕ್ ಜೆಟ್‌ಗಳು ಹಗಲಿನಲ್ಲಿ ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ದಾಳಿ ಮಾಡಿದರೆ, ಅಲಿಝೆಗಳು ರಾತ್ರಿಯ ಕತ್ತಲಲ್ಲಿ ಬಂದರುಗಳತ್ತ ಹೊರಟವು. ಜಲಾಂತರ್ಗಾಮಿ ಹುಡುಕಲು ತಂದ ನಿಧಾನದ ವಿಮಾನ ಬಾಂಬ್ ಹೊತ್ತು ಹೋಯಿತು. ಎಷ್ಟು ದಾಳಿ, ಯಾವ ಬಂದರು ಎಂಬುದು ಅಧಿಕೃತ ಇತಿಹಾಸದಲ್ಲಿದೆ. ಗಾಳಿ ಸಾಲದ ರಾತ್ರಿ ಎಷ್ಟು ಇಂಧನ ಬಿಟ್ಟು, ಎಷ್ಟು ಬಾಂಬ್ ಹೊತ್ತು ಏಳುವ ಲೆಕ್ಕ ಹಾಕಿದರು, ದೀಪ ಆರಿಸಿದ ಹಡಗನ್ನು ಮರಳಿ ಹೇಗೆ ಕಂಡುಕೊಂಡರು ಎಂಬುದನ್ನು ಹೇಳಬಲ್ಲವರು ವಿಮಾನದಲ್ಲಿದ್ದ ಮೂವರೇ.

ನೆನಪು ಬಣ್ಣ ಬಳಿಯುತ್ತದೆ, ಬದುಕಿ ಬಂದವರಷ್ಟೇ ಅಕ್ಕರೆಯಿಂದ ಮಾತಾಡುತ್ತಾರೆ ಎಂಬ ಆಕ್ಷೇಪ ಸುಳ್ಳಲ್ಲ. ಅದೇ 1971ರ ಡಿಸೆಂಬರ್ 10ರಂದು ಪಶ್ಚಿಮದ ಕಡಲಿನ ಮೇಲೆ ಪಾಕಿಸ್ತಾನದ ಎಫ್-104 ಜೆಟ್ ಒಂದು ಅಲಿಝೆಯನ್ನು ಹೊಡೆದುರುಳಿಸಿತು. ಅದರಲ್ಲಿದ್ದ ಮೂವರೂ ಮರಳಲಿಲ್ಲ. ಶಬ್ದದ ಎರಡರಷ್ಟು ವೇಗದ ಬೇಟೆಗಾರನ ಮುಂದೆ ಪ್ರೊಪೆಲ್ಲರ್ ವಿಮಾನ ಓಡಿ ತಪ್ಪಿಸಿಕೊಳ್ಳುವುದು ಸಾಧ್ಯವೇ ಇರಲಿಲ್ಲ. ಡೆಕ್‌ನ ಮೇಲಿನವರಿಗೂ ರಾತ್ರಿ ಕಾಣದಂತೆ ತಿರುಗುವ ಪ್ರೊಪೆಲ್ಲರ್ ಸದಾ ಗಂಡಾಂತರವೇ. ಆದರೆ ನೆನಪು ಬಣ್ಣ ಬಳಿಯುತ್ತದೆ ಎಂಬ ಕಾರಣಕ್ಕೆ ಕೇಳದೆ ಬಿಡುವುದು ಸರಿಯಲ್ಲ, ಸರಿಯಾಗಿ ಕೇಳಬೇಕು. "ನಿಮಗೆ ಆ ವಿಮಾನ ಇಷ್ಟವಿತ್ತೇ" ಎಂದು ಕೇಳಿದರೆ ಇಷ್ಟವಿತ್ತು ಎಂಬ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. ಕೊಕ್ಕೆ ಹಗ್ಗಕ್ಕೆ ಸಿಗದ ದಿನ ಏನು ಮಾಡಿದಿರಿ, ಯಾವ ಹವೆಯಲ್ಲಿ ಹಾರಲು ಒಲ್ಲೆ ಅಂದಿರಿ, ನಿಮ್ಮ ಜೊತೆಗಾರ ಯಾವ ತಪ್ಪಿನಿಂದ ಸತ್ತ ಎಂದು ಕೇಳಬೇಕು. ಒಬ್ಬರ ಉತ್ತರವನ್ನು ಇನ್ನೊಬ್ಬರ ಲಾಗ್‌ಬುಕ್‌ನೊಂದಿಗೆ ಹೋಲಿಸಬೇಕು. ಜೆಟ್ ಯುಗದಲ್ಲಿ ಈ ವಿದ್ಯೆ ಯಾರಿಗೆ ಬೇಕು ಎನ್ನುವವರೂ ಇದ್ದಾರೆ. ಅವರು ಅಮೆರಿಕ ಮತ್ತು ಫ್ರಾನ್ಸ್‌ನ ವಿಮಾನವಾಹಕ ನೌಕೆಗಳನ್ನು ಒಮ್ಮೆ ನೋಡಲಿ. ದೂರದ ಶತ್ರುವನ್ನು ರಾಡಾರ್‌ನಲ್ಲಿ ಹಿಡಿಯುವ ಅವುಗಳ ಹಾಕ್‌ಐ ಇವತ್ತಿಗೂ ಪ್ರೊಪೆಲ್ಲರ್ ವಿಮಾನವೇ. ನಮ್ಮ ವಿಕ್ರಾಂತ್‌ಗೆ 1980ರ ದಶಕದ ಕೊನೆಯಲ್ಲಿ ಸೀ ಹ್ಯಾರಿಯರ್ ಜೆಟ್‌ಗಳಿಗಾಗಿ ಡೆಕ್‌ನ ತುದಿಯಲ್ಲಿ ಮೇಲಕ್ಕೆ ಬಾಗಿದ ಸ್ಕೀ ಜಂಪ್ ಬಂತು, ಕ್ಯಾಟಪಲ್ಟ್ ಹೋಯಿತು, ಅದರೊಂದಿಗೆ ಅಲಿಝೆಯೂ ಡೆಕ್ ಬಿಟ್ಟಿತು. 2022ರ ಹೊಸ ವಿಕ್ರಾಂತ್‌ಗೂ ಕ್ಯಾಟಪಲ್ಟ್ ಇಲ್ಲ, ದೂರದ ಶತ್ರುವನ್ನು ರಾಡಾರ್‌ನಲ್ಲಿ ಹಿಡಿಯುವ ಕೆಲಸಕ್ಕೆ ನಾವು ಕಾಮೊವ್ ಹೆಲಿಕಾಪ್ಟರ್ ನೆಚ್ಚಿದ್ದೇವೆ. ಮುಂದೆಂದಾದರೂ ಕ್ಯಾಟಪಲ್ಟ್ ಇರುವ ಹಡಗು ಕಟ್ಟಿದರೆ ನಮ್ಮದೇ ಹಡಗಿನಲ್ಲಿ ಅದನ್ನು ಬಳಸಿ ಬಲ್ಲವರು ಆ ಹಳಬರು ಮಾತ್ರ.

ನನಗೆ ಎಲ್ಲಕ್ಕಿಂತ ಭಾರವೆನಿಸುವ ಆಕ್ಷೇಪ ಈ ಜಿಲ್ಲೆಯದೇ. ಇಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, ಕದಂಬ ನೌಕಾನೆಲೆ 2005ರಲ್ಲಿ ಉದ್ಘಾಟನೆಯಾಯಿತು. ನಡುವೆ ಕಾರವಾರ, ಅಂಕೋಲಾ ಕರಾವಳಿಯ ಸಾವಿರಾರು ಕುಟುಂಬಗಳು ಊರು, ಗದ್ದೆ, ಮೀನುಗಾರಿಕೆಯ ತೀರ ಬಿಟ್ಟು ಎದ್ದು ಹೋಗಬೇಕಾಯಿತು. ಅವರ ಕಥೆ ಬರೆಯದೆ ನೌಕಾಪಡೆಯ ಪೈಲಟ್‌ಗಳ ಕಥೆ ಏಕೆ? ಜೋಯಿಡಾದವರಿಗಂತೂ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಕಾಳಿ ನದಿಯ ಅಣೆಕಟ್ಟಿನಲ್ಲಿ ಹಳೆಯ ಸೂಪಾ ಪಟ್ಟಣವೇ ಮುಳುಗಿತು. ಅಲ್ಲಿನ ಪೇಟೆ, ಗುಡಿ, ಕಛೇರಿಗಳು ಇಂದು ಕೆಲವು ಹಿರಿಯರ ತಲೆಯಲ್ಲಷ್ಟೇ ಇವೆ. ಈ ಪ್ರಶ್ನೆಗೆ ಪೈಲಟ್‌ನ ಮಾತು ಬೇಡ ಎನ್ನುವುದು ಉತ್ತರವಲ್ಲ. ಒಂದೇ ದಾಖಲೆಯಲ್ಲಿ ಎರಡೂ ಇರಲಿ: ವಿಮಾನ ಹಾರಿಸಿದವರೂ, ನೆಲೆಗೆ ನೆಲ ಕೊಟ್ಟವರೂ. ಒಬ್ಬರ ಮಾತು ಇನ್ನೊಬ್ಬರದನ್ನು ಪ್ರಶ್ನಿಸಿದರೆ ಇನ್ನೂ ಒಳ್ಳೆಯದು. ಹೊಗಳಿಕೆಯ ಪುಸ್ತಕಗಳು ಈಗಾಗಲೇ ಸಾಕಷ್ಟಿವೆ.

ಲೋಹವನ್ನು ನಂಬಿ ಕೂರುವುದಂತೂ ದಡ್ಡತನ. ವಿಕ್ರಾಂತ್ 1997ರಲ್ಲಿ ನಿವೃತ್ತಿಯಾದ ಮೇಲೆ ಮುಂಬೈಯಲ್ಲಿ ಕೆಲ ವರ್ಷ ಸಂಗ್ರಹಾಲಯವಾಗಿತ್ತು. ಆಮೇಲೆ ನಿರ್ವಹಣೆ ದುಬಾರಿಯೆಂದು ಮುಚ್ಚಿ, 2014ರಲ್ಲಿ ಒಡೆದು ಗುಜರಿಗೆ ಹಾಕಿದರು. ಅದರ ಉಕ್ಕನ್ನು ಬಜಾಜ್ ಕಂಪನಿ ಮೋಟಾರ್‌ಸೈಕಲ್‌ಗೆ ಬಳಸಿತು. ಅಷ್ಟು ದೊಡ್ಡ ಹಡಗಿಗೇ ಈ ಗತಿಯಾದರೆ, ಉಪ್ಪುಗಾಳಿಗೆ ಮೈಯೊಡ್ಡಿ ನಿಂತ ಕಾರವಾರದ ವಿಮಾನದ ಆಯುಷ್ಯ ಎಷ್ಟೆಂದು ಯಾರೂ ಭರವಸೆ ಕೊಡಲಾರರು. ಹಿರಿಯರ ಮಾತಿನ ಧ್ವನಿಮುದ್ರಣಕ್ಕೆ ಬಣ್ಣ ಬಳಿಯಬೇಕಿಲ್ಲ, ತುಕ್ಕು ಕೆರೆಯಬೇಕಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ, ಜಿಲ್ಲಾಡಳಿತ, ಕದಂಬ ನೆಲೆ ಮೂವರೂ ಕೂಡಿದರೆ ಒಂದು ವರ್ಷದಲ್ಲಿ ಆಗಬಹುದಾದ ಕೆಲಸ. ಪೈಲಟ್‌ಗಳು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹೇಳಲಿ, ಟಾಗೋರ್ ತೀರದಲ್ಲಿ ಅದನ್ನು ಕನ್ನಡದಲ್ಲಿ ಕೇಳಿಸಬೇಕು. ಡೆಕ್‌ನಲ್ಲಿ ವಿಮಾನ ತಳ್ಳಿ, ರೆಕ್ಕೆ ಮಡಿಸಿ, ಇಂಧನ ತುಂಬಿದ ನಾವಿಕರನ್ನೂ ಬಿಡಬಾರದು. 1961ರಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದವರು ಈಗ ತೊಂಬತ್ತರ ಆಸುಪಾಸಿನಲ್ಲಿದ್ದಾರೆ, ಮೊದಲು ಅವರ ಮನೆಗೆ ಹೋಗಬೇಕು. 1971ರವರಿಗೆ ಎಂಬತ್ತು ಹತ್ತಿರ. 1987ರಲ್ಲಿ ಕೊನೆಯ ಅಲಿಝೆಯನ್ನು ಡೆಕ್‌ನಿಂದ ಕಳಿಸಿಕೊಟ್ಟ ಹುಡುಗರು ಅರವತ್ತು ದಾಟಿದ್ದಾರಷ್ಟೆ, ಅವರು ಸ್ವಲ್ಪ ಕಾಯಬಲ್ಲರು.