‘ರಗತ ಕಮ್ಮಿ’ ಎಂಬ ಮಾತು

ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು. ರಕ್ತದ ವಿಚಾರದಲ್ಲಿ ಬಾಯಿ ಹಾಕುವ ಅಧಿಕಾರ ಇವನಿಗೆಲ್ಲಿಯದು ಎಂದು ವಾಚಕರು ಕೇಳಿದರೆ ಅದು ನ್ಯಾಯವೇ. ಆದರೆ ನಾನು ಹೇಳಹೊರಟಿರುವುದು ಬಹುಮಟ್ಟಿಗೆ ನುಡಿಗೆ ಸಂಬಂಧಿಸಿದ ಸಂಗತಿ. ಆಡಬೇಕಾದ ಮಾತನ್ನು ಆಡದೆ ಹೋದರೆ ಜೀವಕ್ಕೇ ಕುತ್ತು ಬಂದೀತೆಂಬುದನ್ನು ಕಣ್ಣಾರೆ ಕಂಡ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಯಾವ ಹಳ್ಳಿಗೆ ಹೋದರೂ ಮುಖ ಬಿಳಿಚಿದ, ಒಂದು ಕೊಡ ನೀರು ಹೊತ್ತರೆ ಏದುಸಿರು ಬಿಡುವ ಹೆಣ್ಣುಮಕ್ಕಳು ಕಾಣಸಿಗುತ್ತಾರೆ. ಏನು ಬೇನೆ ಎಂದು ಕೇಳಿದರೆ, “ಮೈಯಾಗ ರಗತ ಕಮ್ಮಿ ಅದರಿ” ಎಂಬುದೊಂದೇ ಉತ್ತರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯುಳ್ಳವರು. ಇಷ್ಟು ಜನಕ್ಕೆ ಬಂದ ಬೇನೆಯನ್ನು ನಾವು ಬೇನೆಯೆಂದೇ ಎಣಿಸದೆ, ಹೆಂಗಸಿನ ಸಹಜ ಸ್ಥಿತಿಯೆಂದು ತಿಳಿದುಕೊಂಡಿದ್ದೇವೆ.

ಆದರೆ ಈ ಒಂದು ಮಾತಿನೊಳಗೆ ಬೇರೆ ಬೇರೆ ರೋಗಗಳು ಅಡಗಿವೆ. ಹೆಚ್ಚಿನವರಲ್ಲಿ ಕಾಣುವುದು ಕಬ್ಬಿಣದ ಅಂಶದ ಕೊರತೆ. ಮುಟ್ಟಿನ ಅತಿಸ್ರಾವ, ಮೇಲಿಂದ ಮೇಲೆ ಹೆರಿಗೆ, ಕೊಕ್ಕೆಹುಳು, ಮನೆಯವರೆಲ್ಲ ಉಂಡು ಮಿಕ್ಕಿದ್ದನ್ನು ಉಣ್ಣುವ ರೂಢಿ, ಇವೆಲ್ಲ ಅದರ ಕಾರಣಗಳು. ಇದಕ್ಕೆ ಕಬ್ಬಿಣದ ಗುಳಿಗೆಯುಂಟು. ಅದನ್ನು ಚಹಾದೊಂದಿಗೆ ನುಂಗದೆ, ಮೈ ಹಗುರಾಯಿತೆಂದು ನಡುವೆಯೇ ಬಿಡದೆ, ತಿಂಗಳುಗಟ್ಟಲೆ ನಡೆಸಬೇಕು. ಆದರೆ ಎಷ್ಟು ಗುಳಿಗೆ ನುಂಗಿದರೂ ಬಿಳಿಚುವಿಕೆ ಹೋಗದಿದ್ದರೆ ಬೇರೆ ಕಾರಣವನ್ನು ಹುಡುಕಬೇಕು. ಥಲಸ್ಸೇಮಿಯಾ ಎಂಬುದು ಅಂಥದೊಂದು ಅನುವಂಶಿಕ ದೋಷ. ಅದನ್ನು ಒಳಗೇ ಹೊತ್ತ ತಂದೆತಾಯಿಗಳು ನೋಡಲು ಆರೋಗ್ಯವಂತರೇ. ಇಬ್ಬರಲ್ಲಿಯೂ ಅದಿದ್ದರೆ ಮಾತ್ರ ಪ್ರತಿಯೊಂದು ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಅಕ್ಕನ ಮಗಳನ್ನೂ ಸೋದರತ್ತೆಯ ಮಗಳನ್ನೂ ತಂದುಕೊಳ್ಳುವ ನಮ್ಮ ಸೀಮೆಯಲ್ಲಿ ಇಂಥ ಜೋಡಿ ಕೂಡುವ ಅವಕಾಶ ಹೆಚ್ಚು. ಅಂಥ ಮಗುವಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಬೇಕಾಗುತ್ತದೆ. ಹೀಗೆ ಕೊಟ್ಟ ರಕ್ತದಿಂದಲೇ ಮೈಯಲ್ಲಿ ಕಬ್ಬಿಣ ಮಿತಿಮೀರಿ ಕೂಡಿಕೊಳ್ಳುವುದರಿಂದ, ಕಬ್ಬಿಣದ ಗುಳಿಗೆ ಅದಕ್ಕೆ ಹಾನಿಕರ. ಹೆಸರು ಒಂದೇ ‘ರಗತ ಕಮ್ಮಿ’. ಒಬ್ಬರಿಗೆ ಮದ್ದಾದುದು ಇನ್ನೊಬ್ಬರಿಗೆ ಕೇಡು! ಮದುವೆಗೆ ಮುನ್ನ ಜಾತಕ ನೋಡುವವರು ಹಿಮೋಗ್ಲೋಬಿನ್ ಎ-2 ಅಳೆಯುವ ಒಂದು ರಕ್ತಪರೀಕ್ಷೆಯನ್ನೂ ಮಾಡಿಸಬಾರದೆ?

ಇನ್ನು ನಾನು ಕಂಡ ಸಂಗತಿ. ಕೆಲವು ವರ್ಷಗಳ ಹಿಂದೆ, ಅಫಜಲಪುರ ತಾಲೂಕಿನ ಹಳ್ಳಿಯಲ್ಲಿರುವ ನನ್ನ ಅಕ್ಕನ ಮಗಳು ಹೆರಿಗೆಯಲ್ಲಿ ಬಹಳ ರಕ್ತ ಕಳೆದುಕೊಂಡಳು. ಆಸ್ಪತ್ರೆಯಲ್ಲಿ ಅವಳಿಗೆ ರಕ್ತ ಕೊಡಲಾರಂಭಿಸಿದರು. ಸ್ವಲ್ಪ ಹೊತ್ತಿಗೆ ಹುಡುಗಿ ನಡುಗತೊಡಗಿ, “ಅವ್ವಾ, ಥಂಡಿ ಹತ್ಲಕತ್ತದ” ಎಂದಳು. ಅಕ್ಕ ಕೌದಿ ಹೊದಿಸಿ, “ಸುಮ್ಮ ಮಲಕೊ ಅವ್ವಿ, ರಗತ ಏರ್ಲಕತ್ತದ” ಎಂದಳು. ನಾನೂ ಅಲ್ಲಿಯೇ ನಿಂತಿದ್ದೆ. ಎಂ.ಎ. ಓದಿದ ನನಗೂ ಅದು ಸರಿಯೆಂದೇ ತೋರಿತು. ದೊಡ್ಡವರ ಕೆಲಸಕ್ಕೆ ಅಡ್ಡಿ ಮಾಡಬಾರದೆಂಬ ಸಂಕೋಚ! ದೈವವಶದಿಂದ ಆ ಕಡೆ ಬಂದ ದಾದಿಯೊಬ್ಬಳು ಕೌದಿಯ ನಡುಕವನ್ನು ಕಂಡು, ಓಡಿಬಂದು ನಳಿಗೆಯನ್ನು ನಿಲ್ಲಿಸಿದಳು. ಪರೀಕ್ಷೆಯಾಯಿತು; ಗುಂಪು ಸರಿಯಾಗಿಯೇ ಇತ್ತು, ಬಂದದ್ದು ಬರಿಯ ಜ್ವರ. ಆದರೆ ಬರಿಯ ಜ್ವರವೆಂಬುದು ತಿಳಿದದ್ದು ನಿಲ್ಲಿಸಿ ಪರೀಕ್ಷಿಸಿದ ಮೇಲೆ.

ಏಕೆಂದರೆ ಗುಂಪು ತಪ್ಪಿದ ರಕ್ತವೂ ಮೊದಲು ಇದೇ ಚಳಿಯ ರೂಪದಲ್ಲಿ ಬಂದೀತು. ಮುಂದೆ ಬೆನ್ನುನೋವು, ಎದೆ ಬಿಗಿತ, ಕೆಂಪಾದ ಮೂತ್ರ. ಕಡೆಗೆ ಮೂತ್ರಪಿಂಡ ಸೋತು ಪ್ರಾಣವೇ ಹೋದೀತು. ವಿಯೆನ್ನಾದ ಲ್ಯಾಂಡ್‌ಸ್ಟೈನರ್ 1901ರಲ್ಲಿಯೇ ರಕ್ತದ ಗುಂಪುಗಳನ್ನು ಜಗತ್ತಿಗೆ ತಿಳಿಸಿದ. ಇಂದು ಇಂಥ ಅನಾಹುತವಾದರೆ ಅದರ ಮೂಲ ಹೆಚ್ಚಾಗಿ ಗುರುತಿನ ತಪ್ಪು: ಒಬ್ಬರ ಚೀಲ ಇನ್ನೊಬ್ಬರ ಹಾಸಿಗೆಗೆ ಹೋಗುವುದು. ಶರಣಬಸವೇಶ್ವರರ, ಗಾಣಗಾಪುರದ ದತ್ತನ, ಖಾಜಾ ಬಂದೇನವಾಜರ, ಭೀಮೆಯ ಹೆಸರನ್ನೇ ಮನೆಮನೆಯಲ್ಲಿ ಇಡುವ ನಾಡು ನಮ್ಮದು. ಒಂದೇ ವಾರ್ಡಿನಲ್ಲಿ ಇಬ್ಬರು ಶರಣಮ್ಮಂದಿರು, ಇಬ್ಬರು ಭೀಮಾಬಾಯಿಯರು ಇದ್ದರೆ ಆಶ್ಚರ್ಯವೇನು? ಆದ್ದರಿಂದ ಹೆಸರೊಂದೇ ಸಾಲದು. ಪೂರ್ಣ ಹೆಸರು, ನೋಂದಣಿ ಸಂಖ್ಯೆ, ಗುಂಪು, ಚೀಲದ ಸಂಖ್ಯೆ ಎಲ್ಲವೂ ರೋಗಿಯ ಮಗ್ಗುಲಲ್ಲಿಯೇ ತಾಳೆಯಾಗಬೇಕು. ಮೊದಲ 15 ನಿಮಿಷ ರಕ್ತ ನಿಧಾನವಾಗಿ ಹರಿಯಬೇಕು, ಯಾರಾದರೂ ನೋಡುತ್ತಿರಬೇಕು. ಚಳಿ, ತುರಿಕೆ, ಉಸಿರಾಟದ ಕಷ್ಟ, ನೋವು, ಯಾವುದು ಕಂಡರೂ ಕೂಡಲೇ ನಿಲ್ಲಿಸಿ ವೈದ್ಯರನ್ನು ಕರೆಯಬೇಕು. ಆ ಚೀಲವನ್ನು ಎಸೆಯದೆ ರಕ್ತನಿಧಿಗೆ ಪರೀಕ್ಷೆಗೆ ಕಳಿಸಬೇಕು. ನಮ್ಮ ದೇಶದಲ್ಲಿ ಇಂಥ ಪ್ರಸಂಗಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮವೊಂದು 2012ರಿಂದ ನಡೆದಿದೆ. ಆದರೆ ರೋಗಿಯೇ ಬಾಯಿ ಬಿಡದಿದ್ದರೆ ದಾಖಲೆಗೆ ಸೇರುವುದೇನು?

ನನ್ನ ಬೇಡಿಕೆ ದೊಡ್ಡದಲ್ಲ. ರಕ್ತ ಕೊಡುವ ಮುನ್ನ ಸಹಿ ಹಾಕಿಸಿಕೊಳ್ಳುವ ಕಾಗದವನ್ನು ಓದಲು ಬಾರದ ತಾಯಿಗೆ, ಅವಳ ಆಡುನುಡಿಯಲ್ಲಿಯೇ ನಾಲ್ಕು ಮಾತು ಹೇಳಬೇಕು: “ಥಂಡಿ ಹತ್ತಿದ್ರ ಹೇಳ್ರಿ, ನಡ ನೋಯ್ದ್ರ ಹೇಳ್ರಿ, ಮೈ ತುರಿಸಿದ್ರ ಹೇಳ್ರಿ, ದಮ್ಮ ಹತ್ತಿದ್ರ ಹೇಳ್ರಿ.” ಇದಕ್ಕೆ ಯಂತ್ರ ಬೇಡ, ಹಣವೂ ಬೇಡ. ನಾವು ವಿದ್ಯಾವಂತರೆನಿಸಿಕೊಂಡವರು ಇದನ್ನು ನಮ್ಮ ನಮ್ಮ ಊರಿಗೆ ಮುಟ್ಟಿಸಿದರೆ, ಕಲಿತ ಕನ್ನಡ ಒಂದಿಷ್ಟು ಸಾರ್ಥಕವಾದೀತು.

ಅಕ್ಕ ಈಗಲೂ ಆ ದಿನವನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾಳೆ. ಊರಿನಲ್ಲಿ ಯಾರಾದರೂ ರಕ್ತ ಹಾಕಿಸಿಕೊಳ್ಳಲು ಕಲಬುರ್ಗಿಗೆ ಹೊರಟರೆಂದು ತಿಳಿದರೆ, ಬಸ್ಸಿನವರೆಗೂ ಹೋಗಿ ಹೇಳಿ ಬರುತ್ತಾಳೆ: “ಏನರ ಆದ್ರ ಸುಮ್ಮ ಇರಬ್ಯಾಡ್ರಿ, ಒದರ್ರಿ.”