ಜೇಬಿನ ಪೆನ್ನು

ನಮ್ಮ ದೊಡ್ಡಪ್ಪ ತಿಪಟೂರು ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೂ ಊರಿನ ಅರ್ಜಿ, ಪಹಣಿ ತಿದ್ದುಪಡಿ, ಲಗ್ನಪತ್ರಿಕೆಯ ಒಕ್ಕಣೆ ಎಲ್ಲವೂ ಅವರ ಜಗಲಿಯ ಮೇಲೇ ಆಗಬೇಕಿತ್ತು. ದೊಡ್ಡಮ್ಮ ತೀರಿಕೊಂಡ ಮೇಲೆ ಮಗ ಬೆಂಗಳೂರಿಗೆ ಕರೆತಂದ. ಒಳ್ಳೆಯ ಮಗ, ಅವನಿಗಿಂತ ಒಳ್ಳೆಯ ಸೊಸೆ. ಹೊತ್ತು ಹೊತ್ತಿಗೆ ಊಟ, ಮಾತ್ರೆ, ತಿಂಗಳಿಗೊಮ್ಮೆ ಬಿಪಿ, ಶುಗರ್ ಪರೀಕ್ಷೆ. ಆದರೂ ಆರೇ ತಿಂಗಳಲ್ಲಿ ಮನುಷ್ಯ ಇಳಿದುಹೋದರು. "ಏನು ಕಮ್ಮಿಯಾಗಿದೆಯಪ್ಪಾ ನಿಮಗೆ?" ಎಂದರೆ, "ಏನೂ ಇಲ್ಲ ಕಣೋ" ಅನ್ನುವರು.

ಕಮ್ಮಿಯಾಗಿದ್ದು ಏನೆಂದು ನನಗೆ ಹೊಳೆದದ್ದು ಒಂದು ನೆಗಡಿಯ ಪ್ರಯೋಗದಿಂದ. ಅಮೆರಿಕದ ಮನೋವಿಜ್ಞಾನಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ್ದು. 276 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಾಣು ಬಿಟ್ಟು ಕಾದು ನೋಡಿದರು. ಸಂಗಾತಿ, ನೆರೆಯವರು, ಗೆಳೆಯರು, ಸಹೋದ್ಯೋಗಿಗಳು, ಸಂಘದವರು ಎಂದು ಆರು ಬಗೆಗಿಂತ ಕಡಿಮೆಯಿಲ್ಲದ ನಂಟು ಇಟ್ಟುಕೊಂಡವರಿಗಿಂತ, ಮೂರು ಬಗೆಯನ್ನೂ ದಾಟದವರಿಗೆ ನೆಗಡಿ ಹಿಡಿಯುವ ಸಂಭವ ನಾಲ್ಕು ಪಟ್ಟು. ಅವರು ಯಾರೂ 55 ದಾಟಿದವರಲ್ಲ, ನಿಜ. ಆದರೆ ಇಲ್ಲಿ ಎಣಿಸಿದ್ದು ತಲೆಗಳನ್ನಲ್ಲ, ಬಗೆಗಳನ್ನು ಎಂಬುದು ಮುಖ್ಯ. ಅದಕ್ಕೂ ಮೊದಲು, 1979ರಲ್ಲಿ, ಬರ್ಕ್‌ಮನ್ ಮತ್ತು ಸೈಮ್ ಕ್ಯಾಲಿಫೋರ್ನಿಯಾದ ಅಲಮೇಡಾ ಕೌಂಟಿಯ ಸುಮಾರು 7,000 ಜನರ ಒಂಬತ್ತು ವರ್ಷಗಳ ಲೆಕ್ಕ ಕೊಟ್ಟಿದ್ದರು: ನಂಟು ತೀರಾ ಕಡಿಮೆಯಿದ್ದವರಲ್ಲಿ ಸಾವು ಎರಡು ಪಟ್ಟಿಗೂ ಹೆಚ್ಚು. ಸಿಗರೇಟು, ಕುಡಿತ ಎಲ್ಲ ಕಳೆದು ನೋಡಿದರೂ ನಂಟಿನ ತೂಕ ಉಳಿದೇ ಇತ್ತು.

ಮುಪ್ಪು ಮೊದಲು ಕಿತ್ತುಕೊಳ್ಳುವುದು ಈ ಬಗೆಗಳನ್ನೇ. ದೊಡ್ಡಪ್ಪ ಊರಿಗೆ ಮೇಷ್ಟ್ರು, ದೊಡ್ಡಮ್ಮನಿಗೆ ಗಂಡ, ಭಜನೆಯಲ್ಲಿ ತಾಳದವರು, ಪಕ್ಕದ ತೋಟದವನಿಗೆ ಜಗಳಗಂಟ. ಫ್ಲ್ಯಾಟಿಗೆ ಬಂದ ಮೇಲೆ ಬರೀ 'ತಾತ'. ಪ್ರೀತಿ ಎಷ್ಟಿದ್ದರೂ ಅದು ಒಂದೇ ಪಾತ್ರ. ಅದರಲ್ಲೂ ಅವರದು ಪಡೆಯುವ ಕೈ, ಕೊಡುವ ಕೈಯಲ್ಲ.

ಒಂದು ದಿನ ರಾಯಚೂರು ಕಡೆಯ ವಾಚ್‌ಮನ್, "ಅಜ್ಜಾರ, ಈ ಬ್ಯಾಂಕಿನ ಫಾರಂ ಒಂಚೂರು ತುಂಬಿ ಕೊಡ್ರೀ" ಎಂದ. ಆಮೇಲೆ ಇಸ್ತ್ರಿಯವನು ಬಂದ, ಮನೆಗೆಲಸದ ಹೆಂಗಸರು ಬಂದರು. ದೊಡ್ಡಪ್ಪನ ಮಾತ್ರೆ ಒಂದೂ ಕಡಿಮೆಯಾಗಿಲ್ಲ. ಆದರೆ ಬೆಳಿಗ್ಗೆ ಎಂಟಕ್ಕೆ ಒಗೆದ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ, ಗೇಟಿನ ಪಕ್ಕದ ಕಲ್ಲುಬೆಂಚಿಗೆ ಇಳಿಯುತ್ತಾರೆ.

ಮೊನ್ನೆ ಜ್ವರ ಬಂದು ದೊಡ್ಡಪ್ಪ ಕೆಳಗಿಳಿಯಲಿಲ್ಲ. ಒಂಬತ್ತಕ್ಕೆಲ್ಲ ಇಸ್ತ್ರಿಯವನು ಬಾಗಿಲು ಬಡಿದ: "ಮೇಷ್ಟ್ರು ಯಾಕೆ ಬಂದಿಲ್ಲ?"